ಯಂತ್ರ ಕೊಟ್ಟು ಕೈ ಹಿಂತೆಗೆದರೆ

(ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಕಡೆಯ ಸಣ್ಣ ಕೈಗಾರಿಕೆಯವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಇಲ್ಲಿರುವ ಬಹಳಷ್ಟು ಜನ ಹೊರಗಿನಿಂದಾದರೂ ನೋಡಿರುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ಆ ರೇಷ್ಮೆ ಉದ್ಯಮ ಶುರುವಾದದ್ದು ಸ್ವಿಟ್ಜರ್‌ಲೆಂಡಿನಿಂದ ತರಿಸಿದ ಮಗ್ಗಗಳಿಂದ. ಮಗ್ಗ ಅಂದರೆ ಒಮ್ಮೆ ದುಡ್ಡು ಕೊಟ್ಟು ತಂದರೆ ತಂದವರದೇ. ಹಲ್ಲುಚಕ್ರ ಸವೆದರೆ ಎರಕ ಹೊಯ್ಯಿಸಿ ಲೇತಿನಲ್ಲಿ ಕಡೆಸಬಹುದು, ಬೆಲ್ಟು ಹರಿದರೆ ಬೇರೆ ಹಾಕಬಹುದು. ಮಾರಿದ ದೇಶಕ್ಕೆ ನಾಳೆ ನಮ್ಮ ಮೇಲೆ ಮುನಿಸು ಬಂದರೂ ಮಗ್ಗ ನೇಯುತ್ತಲೇ ಇರುತ್ತದೆ.

ಚಿಪ್ ತಯಾರಿಸುವ ಯಂತ್ರಕ್ಕೆ ಈ ಗುಣ ಇಲ್ಲ. ಕೊಂಡ ದಿನದಿಂದ ಗುಜರಿಗೆ ಹಾಕುವ ದಿನದವರೆಗೆ ಅದಕ್ಕೆ ಮಾರಿದವರ ಬಿಡಿಭಾಗ ಬೇಕು, ಮಾರಿದವರ ಸಾಫ್ಟ್‌ವೇರ್ ಬೇಕು, ಮಾರಿದವರ ಎಂಜಿನಿಯರ್ ಬಂದು ಹೊಂದಿಸಬೇಕು. ಅಮೆರಿಕ, ನೆದರ್‌ಲೆಂಡ್ಸ್, ಜಪಾನ್ ಸೇರಿ ಚೀನಾದ ಮೇಲೆ ಹಾಕಿರುವ ರಫ್ತು ನಿರ್ಬಂಧದ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಯಾವ ಯಂತ್ರ ಹೋಗಬಹುದು, ಯಾವುದು ಹೋಗಬಾರದು ಎನ್ನುವ ಪಟ್ಟಿ. ಯಂತ್ರ ತಲುಪಿದ ಮೇಲೆ ಅದರ ಬೆನ್ನಿಗೇ ಹೋಗುತ್ತಿರಬೇಕಾದ ಸಾಮಾನು ಮತ್ತು ಜನರ ಬಗ್ಗೆ ಬರುವುದು ಕಡಿಮೆ. ನನ್ನ ಎಣಿಕೆಯಲ್ಲಿ ನಿರ್ಬಂಧದ ನಿಜವಾದ ಹಿಡಿತ ಅಲ್ಲೇ ಇದೆ, ಅದು ಸಡಿಲವಾಗುವುದೂ ಅಲ್ಲೇ. ಮೈಸೂರಿನಂಥ ಊರಿಗೆ ಈ ವ್ಯವಹಾರದಲ್ಲಿ ಕೆಲಸ ಸಿಗುವ ಜಾಗವೂ ಅದೇ. ಹಾಗಾಗಿ ಇವತ್ತು ಅದರ ಸುತ್ತಲೇ ಮಾತಾಡುತ್ತೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. 300 ಮಿಲಿಮೀಟರ್ ಅಗಲ, 0.775 ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆ, ಅದೇ ವೇಫರ್. ಅದರ ಮೇಲೆ ಒಂದು ತೆಳು ಪದರ ಕೂರಿಸುತ್ತಾರೆ. ಬೆಳಕು ಬಿದ್ದರೆ ಗುಣ ಬದಲಾಗುವ ರೆಸಿಸ್ಟ್ ಎಂಬ ದ್ರವವನ್ನು ಸವರುತ್ತಾರೆ. ವಿನ್ಯಾಸದ ಅಚ್ಚಿನಂತಿರುವ ಮಾಸ್ಕಿನ ಮೂಲಕ ಬೆಳಕು ಬಿಟ್ಟು ವಿನ್ಯಾಸ ಮೂಡಿಸುತ್ತಾರೆ, ತೊಳೆಯುತ್ತಾರೆ, ಬೇಡದ ಜಾಗವನ್ನು ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ತಿನಿಂದ ಕೆರಳಿಸಿದ ಅನಿಲದಲ್ಲಿ, ಕೊರೆದು ತೆಗೆಯುತ್ತಾರೆ, ಅಳೆಯುತ್ತಾರೆ. ಮತ್ತೆ ಮೊದಲಿಂದ. ಮುಂಚೂಣಿಯ ಚಿಪ್‌ಗೆ ಇಂಥ ಹಂತಗಳು ಸಾವಿರ ದಾಟುತ್ತವೆ. ಒಳಗೆ ಹೋದ ವೇಫರ್ ಹೊರಗೆ ಬರಲು ಮೂರು ತಿಂಗಳಷ್ಟು ಕಾಲ ಹಿಡಿಯುತ್ತದೆ. ಈ ಹಂತಗಳ ಯಂತ್ರಗಳಲ್ಲಿ ಬಹುಪಾಲು ಐದು ಕಂಪನಿಗಳ ಕೈಯಲ್ಲಿವೆ: ಬೆಳಕಿನ ಯಂತ್ರ ಮಾಡುವ ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್, ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್, ಕೆಎಲ್‌ಎ, ಜಪಾನಿನ ಟೋಕಿಯೋ ಎಲೆಕ್ಟ್ರಾನ್. ಸುದ್ದಿಯಲ್ಲಿ ಎಎಸ್‌ಎಂಎಲ್ ಹೆಸರೇ ಜಾಸ್ತಿ ಕೇಳುತ್ತದೆ. ಆದರೆ ಉಳಿದ ನಾಲ್ಕರಲ್ಲಿ ಯಾವುದು ಕೈ ಹಿಂತೆಗೆದರೂ ಹೊಸ ಕಾರ್ಖಾನೆ ನಿಲ್ಲುತ್ತದೆ.

ಬೆಳಕಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಾನೂನಿನ ಅಂಕಿಗಳೆಲ್ಲ ಇಲ್ಲಿಂದಲೇ ಹುಟ್ಟಿವೆ. ಮೈಸೂರು ಶೈಲಿಯ ಚಿತ್ರಗಾರರು ಒಡವೆಯ ಸಣ್ಣ ಗೆರೆ ಎಳೆಯಲು ಅಳಿಲ ಕೂದಲಿನ ಕುಂಚ ಹಿಡಿಯುತ್ತಾರೆ. ಕುಂಚ ದಪ್ಪವಾದರೆ ಕೈ ಎಷ್ಟೇ ಪಳಗಿದ್ದರೂ ಗೆರೆ ದಪ್ಪವೇ. ಲಿಥೋಗ್ರಫಿಯಲ್ಲಿ, ಅಂದರೆ ಬೆಳಕಿನಿಂದ ವಿನ್ಯಾಸ ಮೂಡಿಸುವ ಕೆಲಸದಲ್ಲಿ, ಬೆಳಕಿನ ತರಂಗಾಂತರವೇ ಕುಂಚ. ಇಮ್ಮರ್ಷನ್ ಯಂತ್ರಗಳಲ್ಲಿ ಬಳಸುವುದು 193 ನ್ಯಾನೋಮೀಟರ್ ಬೆಳಕು. ಲೆನ್ಸಿಗೂ ವೇಫರಿಗೂ ನಡುವೆ ಅತಿ ಶುದ್ಧ ನೀರಿನ ಪೊರೆ ನಿಲ್ಲಿಸಿ ಲೆನ್ಸಿನ ಹಿಡಿತವನ್ನು, ಅಂದರೆ ಅದು ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎನ್ನುವ ಅಳತೆಯನ್ನು, 1.35ರವರೆಗೆ ಏರಿಸಿದ್ದಾರೆ. 193ನ್ನು 1.35ರಿಂದ ಭಾಗಿಸಿ, ಪ್ರಕ್ರಿಯೆಯ ಜಾಣತನವನ್ನು ಸೂಚಿಸುವ 0.27ರಿಂದ ಗುಣಿಸಿ. ಸುಮಾರು 38 ಬರುತ್ತದೆ. ಒಂದು ಸಲ ಬೆಳಕು ಬಿಟ್ಟು ಮೂಡಿಸಬಹುದಾದ ಗೆರೆಯ ಅಗಲ ಅಷ್ಟು. ಗೆರೆ ಮತ್ತು ಪಕ್ಕದ ಖಾಲಿ ಜಾಗ ಸೇರಿದರೆ 76 ನ್ಯಾನೋಮೀಟರ್. ಇಯುವಿ, ಅಂದರೆ ತೀರಾ ಗಿಡ್ಡ ತರಂಗಾಂತರದ ಅತಿನೇರಳೆ ಬೆಳಕಿನ ಯಂತ್ರದಲ್ಲಿ ತರಂಗಾಂತರ 13.5, ಹಿಡಿತ 0.33. ಹಾಗೇ ಲೆಕ್ಕ ಹಾಕಿದರೆ ಗೆರೆ 11ರ ಆಸುಪಾಸಿಗೆ ಇಳಿಯುತ್ತದೆ.

ಒಂದು ಎಚ್ಚರಿಕೆ: ‘7 ನ್ಯಾನೋಮೀಟರ್ ಚಿಪ್’ ಎನ್ನುವುದು ಒಂದು ಪೀಳಿಗೆಯ ಹೆಸರು, ಟೇಪು ಹಿಡಿದು ಅಳೆದದ್ದಲ್ಲ. ತೈವಾನಿನ ಟಿಎಸ್‌ಎಂಸಿ ಕಂಪನಿಯ 7 ನ್ಯಾನೋಮೀಟರ್ ಪೀಳಿಗೆಯಲ್ಲಿ ಅತಿ ಒತ್ತೊತ್ತಾದ ಲೋಹದ ಗೆರೆ ಮತ್ತು ಪಕ್ಕದ ಖಾಲಿ ಜಾಗ ಸೇರಿದ ಅಂತರ 40 ನ್ಯಾನೋಮೀಟರ್. 76 ಮಾತ್ರ ಸಾಧ್ಯವಿರುವ ಯಂತ್ರದಲ್ಲಿ 40 ಮಾಡುವುದು ಹೇಗೆ?

ದಾರಿ ಇದೆ. ಮೊದಲು ಅಗಲ ಅಂತರದ ಗೆರೆಗಳನ್ನು ಮೂಡಿಸುತ್ತಾರೆ. ಇವು ಉಳಿಯುವ ಗೆರೆಗಳಲ್ಲ, ಬರೀ ಆಸರೆ. ಆಸರೆಯ ನೆತ್ತಿ, ಎರಡೂ ಪಕ್ಕ, ತಳ ಎಲ್ಲದರ ಮೇಲೂ ಒಂದೇ ದಪ್ಪದ ಪದರ ಹೊದಿಸುತ್ತಾರೆ. ಆಮೇಲೆ ನೇರ ಕೆಳಮುಖವಾಗಿ ಕೊರೆಯುತ್ತಾರೆ. ನೆತ್ತಿ ಮತ್ತು ತಳದ ಪದರ ಹೋಗಿ ಪಕ್ಕದ ಗೋಡೆಗಳು ಮಾತ್ರ ನಿಲ್ಲುತ್ತವೆ. ಕೊನೆಗೆ ಆಸರೆಯನ್ನೇ ತೆಗೆದುಬಿಟ್ಟರೆ ಒಂದು ಗೆರೆ ಇದ್ದ ಕಡೆ ಎರಡು ಗೋಡೆ. ಅಂತರ 76ರಿಂದ 38ಕ್ಕೆ ಬಂತು. ಇದನ್ನೇ ಇನ್ನೊಂದು ಸುತ್ತು ಮಾಡಿದರೆ 19. ಗೋಡೆಗಳು ಸುತ್ತಿಕೊಂಡಿರುವ ತುದಿಗಳನ್ನು ಕತ್ತರಿಸಲು ಬೇರೆ ಮಾಸ್ಕು, ಬೇರೆ ಬೆಳಕು.

ಗಮನಿಸಿ, ಇಲ್ಲಿ ಗೆರೆ ಇಮ್ಮಡಿಯಾದದ್ದು ಬೆಳಕಿನ ಯಂತ್ರದಿಂದ ಅಲ್ಲ. ಪದರ ಹೊದಿಸುವ ಯಂತ್ರ, ಕೊರೆಯುವ ಯಂತ್ರ ಸೇರಿ ಮಾಡಿದ್ದು. ಅದಕ್ಕೇ ಹೇಳಿದೆ, ಎಎಸ್‌ಎಂಎಲ್ ಒಂದನ್ನೇ ನೋಡಿದರೆ ಸಾಲದು ಅಂತ.

ಕೆಡುವುದು ಎಲ್ಲಿ? ಆಸರೆ ಗೆರೆ 2 ನ್ಯಾನೋಮೀಟರ್ ದಪ್ಪವಾಯಿತು ಅಂದುಕೊಳ್ಳಿ. ಆಸರೆ ಇದ್ದ ಜಾಗದ ಸಂದು 2 ಹೆಚ್ಚಾಗುತ್ತದೆ, ಪಕ್ಕದ ಸಂದು 2 ಕಡಿಮೆಯಾಗುತ್ತದೆ. ಒಂದು ಬಿಟ್ಟು ಒಂದು ಸಂದಿನಲ್ಲಿ 4 ನ್ಯಾನೋಮೀಟರ್ ವ್ಯತ್ಯಾಸ. ಕಿರಿದಾದ ಕಡೆ ಶಾರ್ಟ್ ಆಗುತ್ತದೆ, ಇಲ್ಲವೇ ತಂತಿಯ ರೋಧ ಏರುಪೇರಾಗಿ ಚಿಪ್ ನಿಧಾನವಾಗುತ್ತದೆ. ಕತ್ತರಿಸುವ ಮಾಸ್ಕು ಸರಿಯಾದ ಗೆರೆಯ ಮೇಲೇ ಕೂರಬೇಕು. ಪದರದ ಮೇಲೆ ಪದರ ಎಷ್ಟು ಕರಾರುವಾಕ್ಕಾಗಿ ಕೂರುತ್ತದೆ ಎನ್ನುವ ಅಳತೆಗೆ ಓವರ್‌ಲೇ ಅನ್ನುತ್ತಾರೆ, ಆ ಪದ ನೆನಪಿಟ್ಟುಕೊಳ್ಳಿ. ಹಂತ ಹೆಚ್ಚಿದಷ್ಟೂ ಹಾಳಾಗುವ ಅವಕಾಶ ಹೆಚ್ಚು. ಲೆಕ್ಕಕ್ಕಾಗಿ ಹೇಳುತ್ತೇನೆ: ಪ್ರತಿ ನಾಜೂಕು ಹಂತದಲ್ಲೂ ನೂರಕ್ಕೆ 98 ಚಿಪ್ ಪಾಸಾಗುತ್ತವೆ ಅಂದರೆ, 30 ಹಂತ ಮುಗಿದಾಗ ಉಳಿಯುವುದು ಸುಮಾರು 55. ಅದೇ 60 ಹಂತವಾದರೆ 30. ಯಂತ್ರದ ಖರ್ಚು, ಕರೆಂಟು, ನೀರು ಎಲ್ಲವೂ ಹೆಚ್ಚು. ಕೈಗೆ ಬರುವ ಮಾಲು ಕಡಿಮೆ.

ಟಿಎಸ್‌ಎಂಸಿ 2018ರಲ್ಲಿ ತನ್ನ ಮೊದಲ 7 ನ್ಯಾನೋಮೀಟರ್ ಚಿಪ್‌ಗಳನ್ನು ಇಯುವಿ ಇಲ್ಲದೆ ಹೀಗೇ ಮಾಡಿತ್ತು. ಆದ್ದರಿಂದ 2023ರ ಆಗಸ್ಟ್ ಕೊನೆಯಲ್ಲಿ ಹುವಾವೆ ಕಂಪನಿಯ ಮೇಟ್ 60 ಪ್ರೋ ಫೋನು ಬಂದು, ಅದರೊಳಗೆ ಚೀನಾದ ಎಸ್‌ಎಂಐಸಿ ಮಾಡಿದ 7 ನ್ಯಾನೋಮೀಟರ್ ದರ್ಜೆಯ ಕಿರಿನ್ 9000ಎಸ್ ಚಿಪ್ ಸಿಕ್ಕಾಗ ಪತ್ರಿಕೆಗಳು ಬೆರಗಾದಷ್ಟು ಈ ಕಸುಬಿನವರು ಬೆರಗಾಗಬೇಕಾದ ಕಾರಣ ಇರಲಿಲ್ಲ. ಮಾಡಲು ಸಾಧ್ಯವೇ ಎನ್ನುವುದು ಆಗಲೇ ತೀರ್ಮಾನವಾಗಿದ್ದ ಪ್ರಶ್ನೆ. ಎಷ್ಟು ಮಾಡಬಹುದು, ಎಷ್ಟು ಖರ್ಚಿನಲ್ಲಿ, ಎಷ್ಟು ವರ್ಷ ಮಾಡುತ್ತಲೇ ಇರಬಹುದು ಎನ್ನುವುದು ಉಳಿದಿತ್ತು, ಈಗಲೂ ಉಳಿದಿದೆ.

ಇಯುವಿ ಬಗ್ಗೆ ಎರಡು ಮಾತು. ಕರಗಿದ ತವರದ ಹನಿಗಳು, ಒಂದೊಂದೂ ಕೂದಲೆಳೆಗಿಂತ ಸಣ್ಣವು, ಸೆಕೆಂಡಿಗೆ 50,000ದಂತೆ ಬೀಳುತ್ತಿರುತ್ತವೆ. ಪ್ರತಿ ಹನಿಗೂ ಲೇಸರ್ ಎರಡು ಸಲ ಹೊಡೆಯುತ್ತದೆ: ಮೊದಲ ಏಟಿಗೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯದಕ್ಕೆ ಪ್ಲಾಸ್ಮಾ ಆಗಿ 13.5 ನ್ಯಾನೋಮೀಟರ್ ಬೆಳಕು ಚೆಲ್ಲುತ್ತದೆ. ಈ ಬೆಳಕನ್ನು ಗಾಳಿಯೇ ನುಂಗಿಬಿಡುತ್ತದೆ, ಅದಕ್ಕೆ ಇಡೀ ದಾರಿ ನಿರ್ವಾತ. ಗಾಜೂ ನುಂಗುತ್ತದೆ, ಅದಕ್ಕೆ ಲೆನ್ಸಿನ ಬದಲು ಕನ್ನಡಿ. ಒಂದೊಂದು ಕನ್ನಡಿ ವಾಪಸು ಕೊಡುವುದು ಹೆಚ್ಚೆಂದರೆ 70 ಭಾಗ, ಹತ್ತು ಕನ್ನಡಿ ದಾಟುವಷ್ಟರಲ್ಲಿ ನೂರರಲ್ಲಿ ಮೂರೂ ಉಳಿಯುವುದಿಲ್ಲ. ಸಿಡಿದ ತವರ ಮೊದಲ ಕನ್ನಡಿಗೆ ಮೆತ್ತಿಕೊಳ್ಳದಂತೆ ಹೈಡ್ರೋಜನ್ ಹಾಯಿಸುತ್ತಲೇ ಇರಬೇಕು. ಆದರೂ ಕನ್ನಡಿ ಕ್ರಮೇಣ ಮಂಕಾಗಿ ಬದಲಿಸಬೇಕಾಗುತ್ತದೆ. ಕನ್ನಡಿ ಜರ್ಮನಿಯ ಜೈಸ್ ಕಂಪನಿಯದು, ಲೇಸರ್ ಜರ್ಮನಿಯ ಟ್ರುಂಪ್ಫ್‌ನದು, ಬೆಳಕಿನ ಮೂಲ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ, 2013ರಲ್ಲಿ ಎಎಸ್‌ಎಂಎಲ್ ಕೊಂಡ ಸೈಮರ್‌ನದು. ಯಂತ್ರದ ತೂಕ 180 ಟನ್, ಭಾಗಗಳು ಒಂದು ಲಕ್ಷ. 2019ರಿಂದ ಡಚ್ ಸರ್ಕಾರ ಇದನ್ನು ಚೀನಾಕ್ಕೆ ಕಳಿಸಲು ಪರವಾನಗಿ ಕೊಡಲಿಲ್ಲ. ಹಾಗಾಗಿ ಇಯುವಿ ಜಗಳ ಒಂದು ರೀತಿಯಲ್ಲಿ ಮುಗಿದ ಜಗಳ. ಈಗಿನ ಹಗ್ಗಜಗ್ಗಾಟವೆಲ್ಲ ಅದಕ್ಕಿಂತ ಹಿಂದಿನ ಪೀಳಿಗೆಯ, 193 ನ್ಯಾನೋಮೀಟರಿನ ಇಮ್ಮರ್ಷನ್ ಯಂತ್ರಗಳ ಮೇಲೆ.

ಇನ್ನು ಕಾನೂನು. 2022ರ ಅಕ್ಟೋಬರ್ 7ರಂದು ಅಮೆರಿಕದ ವಾಣಿಜ್ಯ ಇಲಾಖೆ ಮೂರು ಗಡಿ ಗೀಚಿತು. ಪ್ರೊಸೆಸರ್ ಚಿಪ್‌ನಲ್ಲಿ 16 ಅಥವಾ 14 ನ್ಯಾನೋಮೀಟರ್ ಪೀಳಿಗೆ ಮತ್ತು ಅದಕ್ಕಿಂತ ಮುಂದಿನದು, ಡಿರ‍್ಯಾಮ್ ಮೆಮೊರಿಯಲ್ಲಿ 18 ನ್ಯಾನೋಮೀಟರ್ ಮತ್ತು ಕೆಳಗೆ, ನ್ಯಾಂಡ್ ಮೆಮೊರಿಯಲ್ಲಿ 128 ಪದರ ಮತ್ತು ಮೇಲೆ. ಇಂಥವನ್ನು ಮಾಡುವ ಚೀನಾದ ಕಾರ್ಖಾನೆಗೆ ಅಮೆರಿಕದ ಯಂತ್ರ ಪರವಾನಗಿ ಇಲ್ಲದೆ ಹೋಗುವಂತಿಲ್ಲ. 16-14 ಯಾಕೆ? ಟ್ರಾನ್ಸಿಸ್ಟರ್ ಚಪ್ಪಟೆ ರೂಪ ಬಿಟ್ಟು ರೆಕ್ಕೆಯಂತೆ ಎದ್ದು ನಿಲ್ಲಲು ಶುರುಮಾಡಿದ್ದು ಬಹುಪಾಲು ಕಾರ್ಖಾನೆಗಳಲ್ಲಿ ಆ ಪೀಳಿಗೆಯಿಂದ. ಜಪಾನ್ 23 ಬಗೆಯ ಯಂತ್ರಗಳನ್ನು 2023ರ ಜುಲೈ 23ರಿಂದ ಪರವಾನಗಿಗೆ ಒಳಪಡಿಸಿತು. ನೆದರ್‌ಲೆಂಡ್ಸ್ ಅದೇ ವರ್ಷ ಸೆಪ್ಟೆಂಬರ್ 1ರಿಂದ ಎಎಸ್‌ಎಂಎಲ್‌ನ 2000ಐ ಮಾದರಿ ಮತ್ತು ಅದಕ್ಕಿಂತ ಹೊಸತರ ಮೇಲೆ ನಿಯಮ ತಂದಿತು. ಗಡಿರೇಖೆ ಯಾವುದು ಗೊತ್ತೇ? ಆಗಲೇ ಹೇಳಿದ ಓವರ್‌ಲೇ: 1.5 ನ್ಯಾನೋಮೀಟರ್. ಹಳೆಯ 1970ಐ, 1980ಐ ಮಾದರಿಗಳು ಅದಕ್ಕಿಂತ ಒಂದು ಕೂದಲಿನಷ್ಟು ಆಚೆ ಇದ್ದವು. ಅವುಗಳಿಂದಲೂ 7 ನ್ಯಾನೋಮೀಟರ್ ಸಾಧ್ಯ ಅಂತ ಮನದಟ್ಟಾದ ಮೇಲೆ 2023ರ ಅಕ್ಟೋಬರ್ 17ರಂದು ಅಮೆರಿಕ ಗಡಿಯನ್ನು 2.4ಕ್ಕೆ ಎಳೆದು, ಮುಂಚೂಣಿಯ ಕಾರ್ಖಾನೆಗಳ ಮಟ್ಟಿಗೆ ಅವನ್ನೂ ಹಿಡಿಯಿತು. 2024ರ ಸೆಪ್ಟೆಂಬರಿನಲ್ಲಿ ಡಚ್ ಸರ್ಕಾರ ಆ ಎರಡು ಮಾದರಿಗಳ ಪರವಾನಗಿಯನ್ನು ತನ್ನ ಕೈಗೆ ತೆಗೆದುಕೊಂಡಿತು. 2024ರ ಡಿಸೆಂಬರ್ 2ರಂದು ಇನ್ನೂ 24 ಬಗೆಯ ಯಂತ್ರಗಳು, 140 ಸಂಸ್ಥೆಗಳು ಅಮೆರಿಕದ ಪಟ್ಟಿ ಸೇರಿದವು. ಹೀಗೆ ಹಂತಹಂತವಾಗಿ ಬಿಗಿ ಮಾಡಿದ್ದರಲ್ಲಿ ಒಂದು ದೊಡ್ಡ ಲೋಪ ಇದೆ. ನಿಯಮ ಬರುತ್ತದೆ ಅಂತ ಗೊತ್ತಾದಾಗಿನಿಂದ ಜಾರಿಗೆ ಬರುವವರೆಗಿನ ಬಿಡುವಿನಲ್ಲಿ ಚೀನಾದ ಕಂಪನಿಗಳು ಸಿಕ್ಕಿದ್ದನ್ನೆಲ್ಲ ಕೊಂಡು ಗೋದಾಮು ತುಂಬಿಸಿಕೊಂಡವು. ಎಎಸ್‌ಎಂಎಲ್ ಯಂತ್ರ ಮಾರಾಟದಲ್ಲಿ ಚೀನಾದ ಪಾಲು 2022ರಲ್ಲಿ ಶೇ. 14 ಇದ್ದದ್ದು 2023ರಲ್ಲಿ ಶೇ. 29 ಆಯಿತು, 2024ರ ಮೊದಲ ಮೂರು ತಿಂಗಳಲ್ಲಿ ಶೇ. 49 ಮುಟ್ಟಿತು. ಮಾರಾಟ ತಡೆಯಲೆಂದು ತಂದ ನಿಯಮ ಎರಡು ವರ್ಷ ಮಾರಾಟವನ್ನು ಹೆಚ್ಚಿಸಿತು.

ಆ ಗೋದಾಮಿನ ಯಂತ್ರಗಳು ಎಷ್ಟು ದಿನ ಓಡುತ್ತವೆ? ನಿಜವಾದ ಪ್ರಶ್ನೆ ಇದು.

ಕೊರೆಯುವ ಯಂತ್ರದ ಕೋಣೆಯನ್ನು ತೆಗೆದುಕೊಳ್ಳಿ. ವೇಫರ್ ಕೂರುವ ಪೀಠದ ಸುತ್ತ ಒಂದು ಉಂಗುರ ಇರುತ್ತದೆ, ಸಿಲಿಕಾನ್ ಅಥವಾ ಸಿಲಿಕಾನ್ ಕಾರ್ಬೈಡಿನದು. ಪ್ಲಾಸ್ಮಾ ವೇಫರಿನ ಅಂಚಿನಲ್ಲೂ ನೇರ ಕೆಳಗೆ ಬೀಳಲಿ ಅಂತ ಅದು ಅಲ್ಲಿರುವುದು. ಪ್ಲಾಸ್ಮಾ ವೇಫರನ್ನು ಕೊರೆಯುವ ಹಾಗೆ ಉಂಗುರವನ್ನೂ ಕೊರೆಯುತ್ತದೆ. ಉಂಗುರ ತಗ್ಗಿದಂತೆ ಅಂಚಿನಲ್ಲಿ ಪ್ಲಾಸ್ಮಾದ ಪೊರೆ ಬಾಗುತ್ತದೆ, ತೂತುಗಳು ಓರೆಯಾಗುತ್ತವೆ, ಕೆಳಗಿನ ಪದರಕ್ಕೆ ಕೂಡಬೇಕಾದ ಜಾಗದಲ್ಲಿ ಕೂಡುವುದಿಲ್ಲ. ಅಂಚು ಅಂದರೆ ಎಷ್ಟು ಮಹಾ ಅನ್ನಬೇಡಿ. 300 ಮಿಲಿಮೀಟರ್ ವೇಫರಿನಲ್ಲಿ ಹೊರಗಿನ 10 ಮಿಲಿಮೀಟರ್ ಪಟ್ಟಿಯ ವಿಸ್ತೀರ್ಣ ಒಟ್ಟಿನಲ್ಲಿ ಶೇ. 13. ಅದಕ್ಕೇ ಪ್ಲಾಸ್ಮಾ ಉರಿದ ಗಂಟೆಗಳನ್ನು ಎಣಿಸಿ, ನಮ್ಮ ಗಾಡಿಗಳಿಗೆ ಕಿಲೋಮೀಟರ್ ನೋಡಿ ಆಯಿಲ್ ಬದಲಿಸಿದ ಹಾಗೆ, ಉಂಗುರ ಬದಲಿಸುತ್ತಾರೆ. ಇಂಥದೇ ಇನ್ನೂ ಎಷ್ಟೋ ಇವೆ: ವೇಫರನ್ನು ಸ್ಥಿರವಿದ್ಯುತ್ತಿನಿಂದ ಹಿಡಿಯುವ ಚಕ್, ಅನಿಲದ ಹರಿವನ್ನು ಅಳೆದು ಬಿಡುವ ಕಂಟ್ರೋಲರ್, ಪ್ಲಾಸ್ಮಾಕ್ಕೆ ಶಕ್ತಿ ಕೊಡುವ ಆರ್‌ಎಫ್ ಜನರೇಟರ್, ವ್ಯಾಕ್ಯೂಮ್ ಪಂಪು, ಫ್ಲೋರೀನ್ ತಡೆಯುವ ವಿಶೇಷ ರಬ್ಬರಿನ ಓ-ರಿಂಗು. ಉಂಗುರವನ್ನು ಚೀನಾದವರು ಊರಲ್ಲೇ ಮಾಡಿಕೊಳ್ಳಬಲ್ಲರು. ಚಕ್ ಮತ್ತು ಆರ್‌ಎಫ್ ಜನರೇಟರ್ ಅಷ್ಟು ಸುಲಭ ಅಲ್ಲ.

ಇಮ್ಮರ್ಷನ್ ಯಂತ್ರದ ಲೇಸರ್ ಇನ್ನೊಂದು. ಸೆಕೆಂಡಿಗೆ 6,000 ಮಿಂಚು ಹೊಡೆಯುತ್ತದೆ. ಒಳಗಿನ ಎಲೆಕ್ಟ್ರೋಡು ಸವೆಯುತ್ತದೆ, ಅನಿಲದ ಮಿಶ್ರಣ ಹದ ತಪ್ಪುತ್ತದೆ, ಕೋಣೆಯನ್ನೇ ಕಾಲಕಾಲಕ್ಕೆ ಬದಲಿಸಬೇಕು. ಆ ಅನಿಲದಲ್ಲಿ ಶೇ. 95ಕ್ಕಿಂತ ಹೆಚ್ಚು ನಿಯಾನ್. ಚಿಪ್ ದರ್ಜೆಯ ನಿಯಾನಿನಲ್ಲಿ ಅರ್ಧದ ಆಸುಪಾಸು ಉಕ್ರೇನಿನ ಮರಿಯುಪೋಲ್ ಮತ್ತು ಒಡೆಸಾದ ಎರಡು ಕಂಪನಿಗಳಿಂದ ಬರುತ್ತಿತ್ತು. 2022ರ ಯುದ್ಧದಲ್ಲಿ ಅವೆರಡೂ ಕೆಲಸ ನಿಲ್ಲಿಸಿದವು. ನೀರಿನ ಪೊರೆಯದು ಬೇರೆ ಕಷ್ಟ: ಒಂದು ಗುಳ್ಳೆ ಹೊಕ್ಕರೆ, ಇಲ್ಲವೇ ಒಂದು ಹನಿ ಹಿಂದೆ ಉಳಿದರೆ ಆ ಜಾಗದ ವಿನ್ಯಾಸ ಹೋಯಿತು. ಗಂಟೆಗೆ 275 ವೇಫರ್ ಓಡಿಸುವ ಯಂತ್ರದಲ್ಲಿ ಒಂದು ಸಣ್ಣ ದೋಷ ಗೊತ್ತಾಗುವಷ್ಟರಲ್ಲಿ ನೂರಾರು ವೇಫರ್ ಹಾಳಾಗಿರುತ್ತವೆ.

2022ರ ಅಕ್ಟೋಬರಿನ ನಿಯಮದಲ್ಲಿ ಎಲ್ಲಕ್ಕಿಂತ ಚುರುಕಾಗಿ ತಾಗಿದ ಕಲಂ ಯಂತ್ರಕ್ಕೆ ಸಂಬಂಧಿಸಿದ್ದಲ್ಲ, ಮನುಷ್ಯರಿಗೆ ಸಂಬಂಧಿಸಿದ್ದು. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವರು ಪರವಾನಗಿ ಇಲ್ಲದೆ ಚೀನಾದ ಮುಂಚೂಣಿಯ ಕಾರ್ಖಾನೆಗಳಿಗೆ ನೆರವಾಗಬಾರದು. ಕೆಲವೇ ದಿನಗಳಲ್ಲಿ ಅಮೆರಿಕದ ಕಂಪನಿಗಳ ಸರ್ವೀಸ್ ಎಂಜಿನಿಯರುಗಳು ವುಹಾನಿನ ವೈಎಂಟಿಸಿಯಂಥ ಕಾರ್ಖಾನೆಗಳಿಂದ ಹೊರಬಂದರು. ಅವರ ಜೊತೆ ಹೋದದ್ದು ಪಾನಾ-ಸ್ಪ್ಯಾನರ್ ಅಲ್ಲ. ಈ ಶಬ್ದ ಬಂದರೆ ಯಾವ ವಾಲ್ವು, ಗ್ರಾಫ್ ಹೀಗೆ ಡೊಂಕಾದರೆ ಯಾವ ಸೆನ್ಸರು ಎನ್ನುವ, ಹತ್ತಾರು ದೇಶದ ಕಾರ್ಖಾನೆ ನೋಡಿ ಬಂದ ಅನುಭವ. ಮೈಸೂರಿನಲ್ಲಿ ಮೆಷಿನ್ ನೋಡಿಕೊಳ್ಳುವ ಯಾವ ಫಿಟ್ಟರನ್ನು ಕೇಳಿದರೂ ಇದರ ಬೆಲೆ ಹೇಳುತ್ತಾರೆ.

ಆದರೆ ಈ ಬೀಗಕ್ಕೆ ಸಂದುಗಳೂ ಇವೆ. 28 ನ್ಯಾನೋಮೀಟರ್ ಮಾಡುವ ಯಂತ್ರ ಮತ್ತು 7 ಮಾಡುವ ಯಂತ್ರ ಎಷ್ಟೋ ಹಂತಗಳಲ್ಲಿ ಒಂದೇ. ಒಂದೇ ಕಾಂಪೌಂಡಿನಲ್ಲಿ ಎರಡು ಕಟ್ಟಡ ಇದ್ದರೆ ಹಳೆಯದರ ಹೆಸರಲ್ಲಿ ಬಂದ ಪಂಪು ಹೊಸದಕ್ಕೆ ಹೋಗುವುದನ್ನು ತಡೆಯುವವರು ಯಾರು? ಎರಡನೆಯದಾಗಿ, ಮೂರು ದೇಶಗಳ ಪಟ್ಟಿ ಒಂದಕ್ಕೊಂದು ಹೊಂದುವುದಿಲ್ಲ. ಹಳೆಯ ಕಾಲದಲ್ಲಿ, 1949ರಿಂದ 1994ರವರೆಗೆ, ಕೊಕೊಮ್ ಎಂಬ ಕೂಟ ಸೋವಿಯತ್ ಬಣಕ್ಕೆ ಏನು ಹೋಗಬಾರದು ಅಂತ ಒಟ್ಟಾಗಿ ನಿರ್ಧರಿಸುತ್ತಿತ್ತು. ಆಗಲೂ ತೋಷಿಬಾ ಗುಂಪಿನ ಕಂಪನಿ ಜಲಾಂತರ್ಗಾಮಿಯ ಪ್ರೊಪೆಲರ್ ಕಡೆಯುವ ಮಿಲ್ಲಿಂಗ್ ಯಂತ್ರ ಮಾರಿದ ಪ್ರಕರಣ 1987ರಲ್ಲಿ ಬಯಲಾಯಿತು. ಅದರ ಜಾಗಕ್ಕೆ ಬಂದ ವಾಸೆನಾರ್ ವ್ಯವಸ್ಥೆಯಲ್ಲಿ ಎಲ್ಲ ಸದಸ್ಯರೂ ಒಪ್ಪಬೇಕು, ರಷ್ಯಾವೂ ಸದಸ್ಯ. ಹೀಗಾಗಿ ಹೊಸ ನಿಯಮಗಳೆಲ್ಲ ಅದರ ಹೊರಗೆ, ಮೂರು ದೇಶಗಳ ನಡುವಿನ ಮಾತುಕತೆಯಲ್ಲೇ ಆಗುತ್ತಿವೆ. ಭಾರತ 2017ರ ಡಿಸೆಂಬರಿನಲ್ಲಿ ವಾಸೆನಾರ್ ಸೇರಿದೆ. ಇದಕ್ಕೆ ಆಮೇಲೆ ಬರುತ್ತೇನೆ.

ಚೀನಾ ಕೂಡ ಸುಮ್ಮನಿಲ್ಲ. 2023ರ ಆಗಸ್ಟ್ 1ರಿಂದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ. 2025ರ ಏಪ್ರಿಲ್ 4ರಂದು ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಅಪರೂಪದ ಲೋಹಗಳಿಗೂ, ಅವುಗಳ ಅಯಸ್ಕಾಂತಕ್ಕೂ ಅದೇ ನಿಯಮ. ವಿ.ಸಿ. ನಾಲೆಯಲ್ಲಿ ತೂಬು ಇಳಿಸಿದರೆ ಮೊದಲು ಒಣಗುವುದು ಕೊನೆಭಾಗದವರ ಗದ್ದೆ, ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಜಗಳ ಇಬ್ಬರು ದೊಡ್ಡವರದು. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿಗೆ ಅಯಸ್ಕಾಂತ ಸಿಗದೆ ಪರದಾಡಿದ್ದು ನಮ್ಮ ದೇಶದ ವಾಹನ ತಯಾರಕರು.

ಮೈಸೂರಿಗೇ ಇಂಥದೊಂದು ತಾಗಿದೆ. 2022ರ ಮೇ ತಿಂಗಳಲ್ಲಿ ಐಎಸ್‌ಎಂಸಿ ಎಂಬ ಕೂಟ ₹22,900 ಕೋಟಿಯ ಚಿಪ್ ಕಾರ್ಖಾನೆಗೆ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೈಸೂರಿನ ಕೋಚನಹಳ್ಳಿಯಲ್ಲಿ 150 ಎಕರೆಯ ಮಾತಿತ್ತು. 65 ನ್ಯಾನೋಮೀಟರಿನ ಅನಲಾಗ್ ಚಿಪ್, ಯಾವ ನಿರ್ಬಂಧದ ಹತ್ತಿರಕ್ಕೂ ಬರದ ತಂತ್ರಜ್ಞಾನ. ತಂತ್ರಜ್ಞಾನ ಕೊಡಬೇಕಿದ್ದದ್ದು ಇಸ್ರೇಲಿನ ಟವರ್ ಕಂಪನಿ. ಅದನ್ನು 540 ಕೋಟಿ ಡಾಲರಿಗೆ ಕೊಳ್ಳುವುದಾಗಿ ಇಂಟೆಲ್ ಅದೇ ವರ್ಷ ಫೆಬ್ರವರಿಯಲ್ಲಿ ಪ್ರಕಟಿಸಿತ್ತು. ಆ ಖರೀದಿಗೆ ಚೀನಾದ ನಿಯಂತ್ರಕರ ಒಪ್ಪಿಗೆ ಬೇಕಿತ್ತು, ಬರಲಿಲ್ಲ. 2023ರ ಆಗಸ್ಟ್ 16ರಂದು ಇಂಟೆಲ್ 35 ಕೋಟಿ 30 ಲಕ್ಷ ಡಾಲರ್ ಪರಿಹಾರ ಕೊಟ್ಟು ಕೈಬಿಟ್ಟಿತು. ಟವರ್ ಯಾರ ಪಾಲಾಗುತ್ತದೆ ಅಂತ ಇತ್ಯರ್ಥವಾಗದೆ ಇಲ್ಲಿನ ಯೋಜನೆಯೂ ಮುಂದೆ ಹೋಗಲಿಲ್ಲ. ಬೀಜಿಂಗಿನ ಒಂದು ಮೇಜಿನ ಮೇಲೆ ಕಡತ ಕದಲದೆ ಹೋದದ್ದಕ್ಕೆ ಕೋಚನಹಳ್ಳಿಯಲ್ಲಿ ಗುದ್ದಲಿ ಬೀಳಲಿಲ್ಲ. ಇದು ನನಗೆ ಈಗಲೂ ಸಂಕಟದ ವಿಷಯ.

ಹಾಗಾದರೆ ನಮಗೆ ಏನಿದೆ? ಗುಜರಾತಿನ ಧೋಲೇರಾದಲ್ಲಿ ಟಾಟಾ ಕಂಪನಿ ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ ಕಟ್ಟುತ್ತಿರುವ ₹91,000 ಕೋಟಿಯ ಕಾರ್ಖಾನೆ 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ಪೀಳಿಗೆಯದು. ಅದಕ್ಕೆ ಯಂತ್ರ ಸಿಗುತ್ತದೆ. ಮೈಸೂರಿನ ಮಟ್ಟಿಗೆ ನಾನು ಹೆಚ್ಚು ಭರವಸೆ ಇಡುವುದು ಯಂತ್ರದ ಬಿಡಿಭಾಗಗಳಲ್ಲಿ. ಲ್ಯಾಮ್ ರಿಸರ್ಚ್ 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ₹10,000 ಕೋಟಿಗೂ ಮೀರಿ ಹೂಡುವುದಾಗಿ ಹೇಳಿದೆ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸರ್ಕ್ಯೂಟ್ ಬೋರ್ಡ್, ಅಂದರೆ ಪಿಸಿಬಿ, ಮಾಡುತ್ತದೆ; ಎಲೆಕ್ಟ್ರಾನಿಕ್ಸ್ ತಯಾರಿಸುವ ಕೇನ್ಸ್ ಮೈಸೂರಿನದೇ ಕಂಪನಿ. ಸಿಎನ್‌ಸಿ ಇಟ್ಟುಕೊಂಡಿರುವ ನಿಮಗೆ ಬರಬಹುದಾದ ಕೆಲಸ ಅಲ್ಯೂಮಿನಿಯಂ ಕೋಣೆ, ಮುಚ್ಚಳ, ಫ್ಲ್ಯಾಂಜು, ಅನಿಲದ ಕೊಳವೆ ಜೋಡಣೆ.

ಡ್ರಾಯಿಂಗಿನ ಟಾಲರೆನ್ಸ್ ನೋಡಿದರೆ ಆಟೊಮೊಬೈಲ್ ಕೆಲಸ ಮಾಡಿದವರಿಗೆ ಭಯ ಆಗುವಂಥದ್ದೇನಿಲ್ಲ. ರಿಜೆಕ್ಟ್ ಆಗುವುದು ಅಳತೆಯಲ್ಲಿ ಕಡಿಮೆ, ಶುಚಿಯಲ್ಲಿ ಹೆಚ್ಚು. ತಳ ಮುಚ್ಚಿದ ಥ್ರೆಡ್ ತೂತಿಗೆ ಸಾಮಾನ್ಯ ಸ್ಕ್ರೂ ಹಾಕಿದರೆ ತಳದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪಂಪು ಎಳೆಯುವಾಗ ಆ ಗಾಳಿ ತಾಸುಗಟ್ಟಲೆ ಸೋರುತ್ತಲೇ ಇರುತ್ತದೆ. ಲೀಕ್ ಹುಡುಕಲು ಹೊರಗಿನಿಂದ ಹೀಲಿಯಂ ಊದಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಸೋರುತ್ತಿರುವುದು ಒಳಗಿನಿಂದಲೇ. ಅದಕ್ಕೆ ನಡುವೆ ತೂತಿರುವ ಸ್ಕ್ರೂ ಹಾಕಬೇಕು. ಹಿತ್ತಾಳೆ ಬಳಸಬಾರದು, ಬಿಸಿಯಾದರೆ ಅದರಲ್ಲಿನ ಸತು ನಿರ್ವಾತದಲ್ಲಿ ಆವಿಯಾಗುತ್ತದೆ. ತಾಮ್ರದ ಕಣ ಸಿಲಿಕಾನಿಗೆ ವಿಷ, ಹಾಗಾಗಿ ತಾಮ್ರ ಕಡೆದ ಮೆಷಿನ್ನಿನಲ್ಲಿ ತೊಳೆಯದೆ ಈ ಕೆಲಸ ಹಾಕಬೇಡಿ. ಗಂಧಕ, ಕ್ಲೋರಿನ್ ಇರುವ ಕಟಿಂಗ್ ಆಯಿಲ್ ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಉಳಿದರೆ ಅನೋಡೈಸಿಂಗ್ ಪದರ ಸರಿಯಾಗಿ ಕೂರುವುದಿಲ್ಲ, ಆಮೇಲೆ ಪ್ಲಾಸ್ಮಾದಲ್ಲಿ ಕಿತ್ತು ಕಣವಾಗಿ ವೇಫರ್ ಮೇಲೆ ಬೀಳುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು. ಕೊನೆಯದು, ಎಲ್ಲಕ್ಕಿಂತ ಕಷ್ಟವಾದದ್ದು: ಒಮ್ಮೆ ಸ್ಯಾಂಪಲ್ ಪಾಸಾದ ಮೇಲೆ ಕೂಲಂಟ್ ಬ್ರ್ಯಾಂಡನ್ನಾಗಲಿ, ಅಲ್ಯೂಮಿನಿಯಂ ಕೊಡುವವರನ್ನಾಗಲಿ, ಅನೋಡೈಸಿಂಗ್ ಅಂಗಡಿಯನ್ನಾಗಲಿ ಹೇಳದೆ ಬದಲಿಸುವಂತಿಲ್ಲ. ಎರಡು ರೂಪಾಯಿ ಉಳಿಯಿತು ಅಂತ ಬದಲಿಸಿದವರು ಆರ್ಡರ್ ಕಳೆದುಕೊಳ್ಳುತ್ತಾರೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: ‘ಸರ್, ನಿರ್ಬಂಧ ಹಾಕಿದ್ದರಿಂದಲೇ ಚೀನಾ ಸ್ವಂತ ಯಂತ್ರ ಮಾಡಿಬಿಡುವುದಿಲ್ಲವೇ? ನಮಗೆ ಸೂಪರ್ ಕಂಪ್ಯೂಟರ್ ಕೊಡದಿದ್ದಾಗ ನಾವು ಪರಮ್ ಮಾಡಲಿಲ್ಲವೇ?’

ಒಳ್ಳೆಯ ಪ್ರಶ್ನೆ ಕೇಳಿದಿರಮ್ಮ. ಆದರೆ ಪರಮ್ ಹೇಗಾಯಿತು ಅಂತ ಪೂರ್ತಿ ನೋಡಬೇಕು. ಅಮೆರಿಕ ಕ್ರೇ ಯಂತ್ರ ನಿರಾಕರಿಸಿದ ಮೇಲೆ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ಪರಮ್ 8000 ಬಂತು. ಅದರೊಳಗಿನ ಪ್ರೊಸೆಸರ್ ಬ್ರಿಟನ್ನಿನ ಇನ್ಮೋಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್, ದುಡ್ಡು ಕೊಟ್ಟರೆ ಸಿಗುತ್ತಿದ್ದ ಮಾಲು. ನಮ್ಮವರ ಸಾಧನೆ ಇದ್ದದ್ದು ಸಣ್ಣ ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ ಒಟ್ಟಿಗೆ ದುಡಿಸುವುದರಲ್ಲಿ. ಚೀನಾ ಈಗ ಒಂದು ಕಡೆ ಅದನ್ನೇ ಮಾಡುತ್ತಿದೆ. ಹುವಾವೆ 2025ರಲ್ಲಿ ತೋರಿಸಿದ ಕ್ಲೌಡ್‌ಮ್ಯಾಟ್ರಿಕ್ಸ್ 384ರಲ್ಲಿ 384 ಚಿಪ್‌ಗಳನ್ನು ಕೂಡಿಸಿದ್ದಾರೆ. ಚಿಪ್ ದುರ್ಬಲವಾದರೂ ಸಂಖ್ಯೆಯಲ್ಲಿ ಸರಿದೂಗಿಸಿ, ಕರೆಂಟು ಹೆಚ್ಚು ಸುಡುತ್ತಾರೆ. ಯಂತ್ರದ ವಿಷಯ ಬೇರೆ. ಕೊರೆಯುವುದು, ತೊಳೆಯುವುದು, ಪದರ ಕೂರಿಸುವುದು ಇವುಗಳಲ್ಲಿ ನೌರಾ, ಎಎಂಇಸಿಯಂಥ ಚೀನೀ ಕಂಪನಿಗಳು ಗಟ್ಟಿಯಾಗಿವೆ, ನಿರ್ಬಂಧವೇ ಅವಕ್ಕೆ ಗಿರಾಕಿಗಳನ್ನು ತಂದುಕೊಟ್ಟಿದೆ. ಬೆಳಕಿನ ಯಂತ್ರದಲ್ಲಿ ಒಂದಕ್ಕೆ ಬದಲು ಹತ್ತು ಜೋಡಿಸಿದರೆ ಗೆರೆ ಸಣ್ಣದಾಗುವುದಿಲ್ಲ. ಜೈಸ್ ಕನ್ನಡಿಯ ಹಿಂದೆ ಎಷ್ಟೋ ದಶಕಗಳ ಕೈಕೆಲಸ ಇದೆ. ಚೀನಾ ಮುಟ್ಟುವುದಿಲ್ಲ ಅಂತ ನಾನು ಹೇಳುವುದಿಲ್ಲ. ಹಣದಿಂದ ಆ ವರ್ಷಗಳನ್ನು ಪೂರ್ತಿಯಾಗಿ ಕೊಳ್ಳಲಾಗುವುದಿಲ್ಲ ಅಂತ ಹೇಳುತ್ತೇನೆ.

ಹೂಟಗಳ್ಳಿಯ ಸಣ್ಣ ಕೈಗಾರಿಕೆಯವರೊಬ್ಬರು: ‘ನಮಗೆ ಒಬ್ಬ ಟ್ರೇಡರ್ ಕಡೆಯಿಂದ ವ್ಯಾಕ್ಯೂಮ್ ಪಾರ್ಟಿನ ಎನ್‌ಕ್ವೈರಿ ಬಂತು ಅಂತಿಟ್ಟುಕೊಳ್ಳಿ. ಆರ್ಡರ್ ತಗೊಳ್ಳೋ ಮುಂಚೆ ಏನೇನು ನೋಡಬೇಕು ಸಾರ್?’

ನೋಡಿ, ನಾವೂ ವಾಸೆನಾರ್ ಸದಸ್ಯರು. ಪರವಾನಗಿ ಇಲ್ಲದೆ ರಫ್ತು ಮಾಡಬಾರದ ಸಾಮಾನುಗಳದು ನಮ್ಮ ದೇಶಕ್ಕೂ ಒಂದು ಪಟ್ಟಿ ಇದೆ, ಸ್ಕೋಮೆಟ್ ಅಂತ. ವಿದೇಶಿ ವ್ಯಾಪಾರದ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಅದನ್ನು ನೋಡಿಕೊಳ್ಳುತ್ತದೆ. ಅದರ 8ನೇ ವರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಅದರ ಉತ್ಪಾದನಾ ಯಂತ್ರಗಳು ಬರುತ್ತವೆ. ಇನ್‌ವಾಯ್ಸಿಗೆ ಹಾಕುವ ಎಚ್‌ಎಸ್ ಕೋಡ್ ನೋಡಿ ಇದು ತೀರ್ಮಾನವಾಗುವುದಿಲ್ಲ. ನಿಮ್ಮ ಭಾಗದ ತಾಂತ್ರಿಕ ವಿವರವನ್ನು ಪಟ್ಟಿಯ ಸಾಲಿಗೆ ಹೋಲಿಸಿ ನೋಡಬೇಕು. ಪಟ್ಟಿಯಲ್ಲಿದ್ದರೆ ಕೊಳ್ಳುವವರಿಂದ ಅಂತಿಮ ಬಳಕೆದಾರರ ಪ್ರಮಾಣಪತ್ರ ತರಿಸಿ ಡಿಜಿಎಫ್‌ಟಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಡ್ರಾಯಿಂಗು ಅಮೆರಿಕದ ಕಂಪನಿಯಿಂದ ಬಂದಿದ್ದರೆ ಅವರ ಕಾನೂನೂ ಆ ಡ್ರಾಯಿಂಗಿನ ಬೆನ್ನಿಗೆ ಬರಬಹುದು, ಕಳಿಸಿದವರಿಂದಲೇ ಅದರ ವರ್ಗೀಕರಣ ಸಂಖ್ಯೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅವರ ನಿಯಮದಡಿ ಬರುವ ವ್ಯವಹಾರದ ಕಾಗದಗಳನ್ನು ಐದು ವರ್ಷ ಇಟ್ಟಿರಬೇಕು.

ಅನುಮಾನಪಡಬೇಕಾದ ಲಕ್ಷಣಗಳಿವೆ. ಮಾಲು ತಲುಪಬೇಕಾದ ವಿಳಾಸ ಸರಕು ಸಾಗಣೆ ಏಜೆಂಟರ ಗೋದಾಮು. ಕೊಳ್ಳುವವರ ಕಸುಬಿಗೂ ಭಾಗಕ್ಕೂ ತಾಳೆ ಇಲ್ಲ. ದುಬಾರಿ ಮಾಲಿಗೆ ನಗದು ಕೊಡುತ್ತೇವೆ ಅನ್ನುತ್ತಾರೆ. ಯಾವ ಕಾರ್ಖಾನೆ, ಯಾವ ಮೆಷಿನ್ ಅಂತ ಕೇಳಿದರೆ ಮಾತು ತೇಲಿಸುತ್ತಾರೆ. ಇನ್ನೊಂದು, ‘ಜೋಡಣೆ ಬೇಡ, ತರಬೇತಿ ಬೇಡ, ಸರ್ವೀಸ್ ಬೇಡ, ಮಾಲು ಕೊಟ್ಟರೆ ಸಾಕು’ ಅನ್ನುತ್ತಾರೆ. ಇಷ್ಟು ಹೊತ್ತು ಹೇಳಿದ್ದನ್ನು ನೆನಪಿಸಿಕೊಳ್ಳಿ: ಸರ್ವೀಸ್ ಇಲ್ಲದೆ ನಡೆಯದ ಯಂತ್ರಕ್ಕೆ ಸರ್ವೀಸ್ ಬೇಡ ಅನ್ನುವವರು ಹೇಳಿದ ಜಾಗಕ್ಕೆ ಅದನ್ನು ಒಯ್ಯುತ್ತಿಲ್ಲ. ಮತ್ತೆ, ಮಾಲು ಕಳಿಸಿದರಷ್ಟೇ ರಫ್ತು ಅಂತ ತಿಳಿಯಬೇಡಿ. ಪಟ್ಟಿಯಲ್ಲಿರುವ ತಂತ್ರಜ್ಞಾನದ ಡ್ರಾಯಿಂಗನ್ನು ಇ-ಮೇಲಿನಲ್ಲೋ ವಾಟ್ಸ್ಆ್ಯಪಿನಲ್ಲೋ ಹೊರದೇಶಕ್ಕೆ ಕಳಿಸಿದರೂ ಕಾನೂನಿನ ಕಣ್ಣಿಗೆ ಅದು ರಫ್ತೇ. ಕೊಟೇಶನ್ ಜೊತೆ ಡ್ರಾಯಿಂಗ್ ಸೇರಿಸುವ ಮೊದಲೇ ಪಟ್ಟಿ ತೆಗೆದು ನೋಡಿ.